ಮಗ್ಗದಾಗ ಇಡೀ ದಿನ ಕುಂತ್ರೂ ನೋಯದ ಮೊಣಕಾಲು ಬಸ್ಸಿನಾಗ ಯಾಕ ನೋಯ್ತೈತಿ? ಎಲುಬಿನೊಳಗ ಒತ್ತಡ ಅಂದ್ರೇನು?

ಕುಣಿಮಗ್ಗ, ಬೆಟಗೇರಿ

ಎಲ್ಲಾರಿಗೂ ನಮಸ್ಕಾರ. ಪ್ರಶ್ನಿ ಸಣ್ಣದು, ಆದ್ರ ಮೂರು ತಿಂಗಳಿಂದ ತಲಿ ತಿನ್ನಾಕತ್ತೈತಿ.

ನಾ ಗದಗದ ಬೆಟಗೇರಿಯಾಂವ, ವಯಸ್ಸು 44. ನಮ್ಮಪ್ಪನ ಕಾಲದ ಕುಣಿಮಗ್ಗದಾಗ ಸೀರಿ ನೇಯ್ತೀನಿ. ಕುಣಿಮಗ್ಗ ನೋಡಿಲ್ಲದವ್ರಿಗೆ ಹೇಳ್ತೀನಿ: ನೆಲದಾಗ ಒಂದು ಕುಣಿ, ಅದರ ದಂಡಿಗೆ ಹಲಗಿ, ಹಲಗಿ ಮ್ಯಾಲ ಮಡಚಿದ ಗೋಣಿತಟ್ಟು. ಅಲ್ಲಿ ಕುಂತು ಎರಡೂ ಕಾಲು ಕುಣಿಯೊಳಗ ಇಳಿಬಿಟ್ಟು ಕೆಳಗಿನ ಹಲಗಿ ತುಳೀಬೇಕು. ಎಡಗಾಲು ಒತ್ತಿದ್ರ ಹಾಸು (ಉದ್ದಕ ಬಿಗಿದ ಎಳಿ) ಬಾಯಿ ತಗೀತೈತಿ, ಲಾಳಿ ಆ ಕಡೆ. ಬಲಗಾಲು ಒತ್ತಿದ್ರ ಲಾಳಿ ಈ ಕಡೆ. ಮುಂಜಾನೆ ಎಂಟಕ್ಕ ಕುಂತ್ರ ಊಟಕ್ಕ ಏಳೂದು, ಮತ್ತ ಸಂಜಿ ಆರರ ತನಕ ಅದ ಕೆಲಸ. ಮನ್ಯಾಕಿ ಪಕ್ಕದಾಗ ನೆಲದ ಮ್ಯಾಲ ಕುಂತು ರಾಟಿ ಮ್ಯಾಲ ಕಂಡಿಕಿ (ಲಾಳಿಯೊಳಗ ಹಾಕೋ ನೂಲಿನ ಉಂಡಿ) ಸುತ್ತತಾಳ. ಇಪ್ಪತ್ತೆಂಟು ವರ್ಷದಾಗ ಮಗ್ಗದ ಮ್ಯಾಲ ಮೊಣಕಾಲು ನೋಯ್ತು ಅಂತ ನಾ ಎದ್ದಿದ್ದು ನೆನಪಿಲ್ಲ. ಬೆನ್ನು ನೋಯ್ತೈತಿ, ಅದು ಬ್ಯಾರೆ ಮಾತು.

ವಾರಕ್ಕೊಮ್ಮೆ ಸೀರಿ ಗಂಟು ತಗೊಂಡು ಹುಬ್ಬಳ್ಳಿಗೆ ಹೋಗ್ತೀನಿ. 60 ಕಿಲೋಮೀಟರ್ ಒಳಗಿನ ದಾರಿ. ಗಂಟು ಕಾಲ ಮುಂದ ಇಡ್ತೀನಿ, ಮೊಣಕಾಲು ಮುಂದಿನ ಸೀಟಿಗೆ ಒತ್ತಿಕೊಂಡಿರ್ತೈತಿ. ಅಣ್ಣಿಗೇರಿ ಬರೂದ್ರೊಳಗ ಬಲಗಾಲ ಚಿಪ್ಪಿನ ಹಿಂದ ನೋವು ಸುರು. ಚುಚ್ಚೂದಲ್ಲ, ಹಿಡಕೊಳ್ಳೂದೂ ಅಲ್ಲ. ಹಲ್ಲು ನೋವು ಇರ್ತೈತಲ್ಲ, ಒಳಗಿಂದ ತುಂಬಿ ತುಂಬಿ ಬಡಿಯೂದು, ಹಂಗ. ಹುಬ್ಬಳ್ಳಿಯೊಳಗ ಇಳಿದು ಕಾಲು ನೆಟ್ಟಗ ಮಾಡಿ ಎರಡು ನಿಮಿಷ ನಿಂತ್ರ ಕಡಿಮಿ ಆಗ್ತೈತಿ. ಚಾ ಕುಡಿಯೂದ್ರೊಳಗ ಮರತೇಹೋಗಿರ್ತೈತಿ.

ಒಂದು ದವಾಖಾನ್ಯಾಗ ತೋರಿಸಿದೆ. ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿ "ಸ್ವಲ್ಪ ಸವದೈತಿ, ಮಗ್ಗ ಬಿಟ್ಟಬಿಡು" ಅಂದ್ರು. ಅಷ್ಟ. ನಾ ಮಗ್ಗದಾಗ ನೋಯಂಗಿಲ್ರೀ, ಬಸ್ಸಿನಾಗ ನೋಯ್ತೈತಿ ಅನ್ನೂದ್ರೊಳಗ ಮುಂದಿನ ಪೇಶಂಟ್ ಒಳಗ ಬಂದಿದ್ದ. ಮಗ್ಗ ಬಿಟ್ಟು ಉಣ್ಣೂದೇನು, ಗೋಣಿತಟ್ಟು?

ಹೋದ ವಾರ ಬಸ್ಸಿನಾಗ ಬಾಜೂಕ ಕುಂತ ಹಿರಿಯರೊಬ್ರು, ರಿಟೈರ್ಡ್ ಮಾಸ್ತರು, "ಮೊಣಕಾಲು ಮಡಚಿ ಹಂಗ ಇಟ್ರ ಎಲುಬಿನೊಳಗ ರಕ್ತದ ಒತ್ತಡ ಏರ್ತೈತಿ" ಅಂದ್ರು. ನನಗ ನಗಿ ಬಂತು. ಎಲುಬು ಅಂದ್ರ ಒಣ ಕಟಗಿ ಇದ್ದಂಗ. ಅದಕ್ಕ ಎಂಥಾ ಬಿಪಿ? ಇದು ಖರೇನೋ, ಹೊತ್ತು ಹೋಗ್ಲಿ ಅಂತ ಹೇಳಿದ್ದೋ? ಖರೇ ಆದ್ರ ಮಗ್ಗದಾಗೂ ಮೊಣಕಾಲು ಮಡಚೇ ಇರ್ತೈತಿ, ಅಲ್ಲಿ ಯಾಕಿಲ್ಲ? ತಿಳಿದವರು ಹೇಳ್ರಿ.

---

ಸುಣ್ಣದ ಡಬ್ಬಿ

ನಮ್ಮಜ್ಜಿ ಇದ್ದಿದ್ರ ಸುಣ್ಣ ಬೆಲ್ಲ ಕಲಸಿ ಹಚ್ಚಿ ಎಕ್ಕಿ ಎಲಿ ಕಟ್ಟತಿದ್ಲು, ಎರಡು ದಿನದಾಗ ಚರ್ಮ ಸುಲಿದು ಮೊಣಕಾಲಿನ ನೋವ ಮರೀತಿತ್ತು, ಚರ್ಮದ ನೋವ ಉಳೀತಿತ್ತು. ವಾಯು ಐತಿ ಅಣ್ಣಾ. ಬದನಿಕಾಯಿ ಬಿಡ್ರಿ.

---

ಫಿಜಿಯೊ ಅಕ್ಕ, ಧಾರವಾಡ

ಬದನಿಕಾಯಿ ಬಿಡೂದು ಬ್ಯಾಡ್ರಿ, ಅದರ ತಪ್ಪೇನೂ ಇಲ್ಲ. ಸುಣ್ಣ ಅಂತೂ ಮುಟ್ಟಬ್ಯಾಡ್ರಿ. ಸುಟ್ಟ ಚರ್ಮ ತಗೊಂಡು ನನ್ನ ಹತ್ರ ಬಂದವರನ್ನ ನೋಡೀನಿ.

ಮಾಸ್ತರು ಹೇಳಿದ್ದು ಪೂರಾ ಸುಳ್ಳಲ್ಲ. ನಾ ಹತ್ತೊಂಬತ್ತು ವರ್ಷದಿಂದ ಮೊಣಕಾಲು ಹಿಡಕೊಂಡ ಕುಂತಾಕಿ, ಅದಕ್ಕ ಸ್ವಲ್ಪ ಉದ್ದ ಬರೀತೀನಿ, ಸೈರಣಿ ಇರಲಿ.

ಮೊದಲು ಆ "ಒಣ ಕಟಗಿ" ಮಾತು. ಒಣಗಿದ ಎಲುಬು ನಾವು ನೋಡೂದು ಸ್ಮಶಾನದಾಗ, ಇಲ್ಲಾ ಕಾಲೇಜಿನ ಕಪಾಟದಾಗ. ಜೀವ ಇರೋ ಎಲುಬು ಒದ್ದಿ ಇರ್ತದ. ಹೃದಯ ಪಂಪ್ ಮಾಡೋ ರಕ್ತದಾಗ ನೂರಕ್ಕ ಐದರಿಂದ ಹತ್ತು ಪಾಲು ಎಲುಬಿಗೇ ಹೋಗ್ತದ. ತುರ್ತು ವಿಭಾಗದಾಗ ಸಣ್ಣ ಕೂಸಿಗೆ ರಕ್ತನಾಳ ಸಿಗದಿದ್ರ ಮೊಣಕಾಲ ಕೆಳಗಿನ ಎಲುಬಿಗೇ ಸೂಜಿ ಹಾಕಿ ಸಲೈನ್ ಬಿಡ್ತಾರ. ಎಲುಬಿಗೆ ಬಿಟ್ಟ ಔಷಧ ಕೆಲವೇ ಸೆಕೆಂಡಿನಾಗ ಹೃದಯ ಮುಟ್ಟತದ. ಒಣ ಕಟಗಿಯೊಳಗ ಹಂಗ ಆಗೂದು ಸಾಧ್ಯ ಏನು?

ಈಗ ಒತ್ತಡ. ಎಲುಬಿನ ಗೋಡಿ ಹಿಗ್ಗೂದಿಲ್ಲ. ಒಳಗ ಮಜ್ಜೆ, ಕೊಬ್ಬು, ತೆಳ್ಳನ ರಕ್ತದ ಕೊಳವಿ. ಶುದ್ಧ ರಕ್ತ ಜೋರಿನಿಂದ ಒಳಗ ಬರ್ತದ, ಅದರ ಕೊಳವಿ ಗಟ್ಟಿ. ಹೊರಗ ಹೋಗೋ ರಕ್ತದ ಕೊಳವಿ ಮೆತ್ತಗ, ಬೆರಳಿನಿಂದ ಒತ್ತಿದ್ರ ಮುಚ್ಚೋವಂಥದು. ಹಂಗಾಗಿ ಏನರ ಒತ್ತಿದ್ರ ಮೊದಲು ಕಟ್ಟೂದು ಹೊರಗಿನ ದಾರಿ, ಒಳಗಿನ ದಾರಿ ಅಲ್ಲ. ನೀವು ಗದಗದವರು, ಎರಿ (ಕಪ್ಪು ಮಣ್ಣಿನ) ಹೊಲ ನೋಡೀರಿ. ಹೆಚ್ಚಿನ ನೀರು ಹೊರಗ ಹಾಕೋ ಬಸಿಗಾಲುವಿ ಬಾಯಿಗೆ ಮಣ್ಣು ಬಿದ್ರ ಏನಾಗ್ತದ? ಮ್ಯಾಲಿಂದ ನೀರು ಬರೂದು ನಿಲ್ಲೂದಿಲ್ಲ, ಕೆಳಗ ಹೋಗೂದು ನಿಲ್ತದ. ಹೊಲ ತುಂಬ ನೀರಿದ್ರೂ ಬೇರಿಗೆ ಉಸಿರಿಲ್ಲದ ಬೆಳಿ ಹಳದಿ ಆಗ್ತದ. ಎಲುಬಿನ ಕತಿನೂ ಅದ. ರಕ್ತ ಕಡಿಮಿ ಬಂದದ್ದಕ್ಕಲ್ಲ, ಬಂದ ರಕ್ತ ಹೋಗದ್ದಕ್ಕ ಒಳಗ ಒತ್ತಡ ಏರ್ತದ. ಆಮ್ಯಾಲ ಹೊಸಾ ರಕ್ತಕ್ಕೂ ಜಾಗ ಇರೂದಿಲ್ಲ.

ನೀವು "ಹಲ್ಲು ನೋವಿನಂಗ" ಅಂದದ್ದು ಓದಿ ನಾ ಕುರ್ಚಿ ಮ್ಯಾಲ ನೆಟ್ಟಗ ಕುಂತೆ. ಹಲ್ಲೂ ಅಂಥಾದ್ದ ಡಬ್ಬಿ. ಹೊರಗ ಗಟ್ಟಿ, ಒಳಗ ಮೆತ್ತನ ತಿರುಳು, ಬಾವು ಬಂದ್ರ ಹಿಗ್ಗಾಕ ಜಾಗ ಇಲ್ಲ, ಅದಕ್ಕ ನಾಡಿ ಬಡದಂಗ ಬಡೀತದ. ನನ್ನ ಪೇಶಂಟ್‌ಗಳೊಳಗ ಕೆಲವರು ಮೊಣಕಾಲಿಗೆ ಇದ ಮಾತು ಹೇಳ್ತಾರ. ಕೀಲಿನ ಮೃದ್ವಸ್ಥಿಯೊಳಗ, ಅಂದ್ರ ಎಲುಬಿನ ತುದಿ ಮ್ಯಾಲಿನ ಸವೆಯೋ ನುಣುಪು ಹೊದಿಕಿಯೊಳಗ, ನೋವಿನ ನರ ಇಲ್ಲ. ಅದರ ಕೆಳಗಿನ ಎಲುಬಿನೊಳಗ, ಎಲುಬಿನ ಮ್ಯಾಲಿನ ಪೊರಿಯೊಳಗ ಇವೆ. ಹಂಗಾಗಿ ಬರೇ "ಸವದೈತಿ" ಅನ್ನೂದು ನೋವಿಗೆ ಪೂರಾ ಉತ್ತರ ಆಗೂದಿಲ್ಲ.

ಎಲುಬಿನೊಳಗಿನ ಈ ಒತ್ತಡಾನ ಸೂಜಿ ಹಾಕಿ ಅಳದಾರ. ತೊಡಿ ಎಲುಬಿನ ತಲಿಯೊಳಗ (ಸೊಂಟದ ಕೀಲಿನೊಳಗ ಕೂಡೋ ಗುಂಡನ ತುದಿ) ಒತ್ತಡ ಸಾಮಾನ್ಯವಾಗಿ 30 ಮಿಲಿಮೀಟರ್ ಪಾದರಸದ ಒಳಗ ಇರಬೇಕು. ನಿಮ್ಮ ಕೈಯಾಗ ಬಿಪಿ 120 ಬೈ 80 ಅಂತಾರಲ್ಲ, ಅದ ಅಳತಿ. 1975ರಾಗ ಅರ್ನೋಲ್ಡಿ ಅನ್ನೋ ಸಂಶೋಧಕರು ಮತ್ತ ಅವರ ಜೊತಿಗಾರರು ಕೀಲು ಸವದ ಮೊಣಕಾಲಿನ ಎಲುಬಿನೊಳಗ ಅಳತಿ ಮಾಡಿ, ಸುಮ್ನ ಮಲಗಿದಾಗೂ ನೋಯೋ ಮಂದಿಯೊಳಗ ಒತ್ತಡ 40ರ ಮ್ಯಾಲ ಇದ್ದದ್ದು ತೋರಿಸಿದ್ರು. ಅಂಥವರ ಎಲುಬಿನೊಳಗ ಹೊರಹೋಗೋ ರಕ್ತ ಕಟ್ಟಿಕೊಂಡು ನಿಂತಿತ್ತು.

ಇನ್ನ ನಿಮ್ಮ ಚಿಪ್ಪು. ಮೊಣಕಾಲು ಚಾಚಿದಾಗ ಅದು ಸಡಲ ಇರ್ತದ, ಬೆರಳಿನಿಂದ ಆಚೆ ಈಚೆ ಸರಸಬಹುದು. ಈಗ ಮಾಡಿ ನೋಡ್ರಿ: ನೆಲದ ಮ್ಯಾಲ ಕಾಲು ಚಾಚಿ, ತೊಡಿ ಬಿಗೀಬ್ಯಾಡ್ರಿ, ಚಿಪ್ಪು ಅಲುಗ್ತದ. ಅದ ಮೊಣಕಾಲು 90 ಡಿಗ್ರಿ ಮಡಚಿ ಮತ್ತ ಸರಸ್ರಿ. ಅಲುಗೂದಿಲ್ಲ. ತೊಡಿ ಸ್ನಾಯುವಿನ ತಂತಿ ಮ್ಯಾಲಿಂದ, ಚಿಪ್ಪಿನ ಕೆಳಗಿನ ತಂತಿ ಕೆಳಗಿಂದ, ಎರಡೂ ಜಗ್ಗಿ ಚಿಪ್ಪನ್ನ ತೊಡಿ ಎಲುಬಿನ ತಗ್ಗಿನೊಳಗ ಒತ್ತಿ ಹಿಡದಿರ್ತಾವ. ಚಿಪ್ಪಿಗೆ ರಕ್ತ ಬರೂದು ಸುತ್ತಲಿನ ಒಂದು ಬಳಿಯಂಥ ಜಾಲದಿಂದ, ಮುಂದಿನ ಮುಖದ ಮ್ಯಾಲ ಮತ್ತ ಕೆಳಗಿನ ತುದಿಯೊಳಗ ಒಳಗ ಹೋಗ್ತದ. ಸುತ್ತಲಿನ ಎಲ್ಲಾ ಬಿಗಿದಾಗ ಆ ದಾರಿಗಳೂ ಬಿಗೀತಾವ.

2007ರಾಗ ಸ್ವೀಡನ್‌ನ ನ್ಯಾಸ್ಲುಂಡ್ ಅನ್ನೋರ ತಂಡ ಚಿಪ್ಪಿನ ಮ್ಯಾಲ ಇನ್‌ಫ್ರಾರೆಡ್ ಬೆಳಕು ಬಿಟ್ಟು, ನಾಡಿ ನಾಡಿಗೆ ಬರೋ ರಕ್ತ ಎಷ್ಟು ಅಂತ ನೋಡ್ತು. ಸೂಜಿ ಇಲ್ಲ, ಏನಿಲ್ಲ. ಚಿಪ್ಪಿನ ನೋವು ಇದ್ದವರ ಮೊಣಕಾಲನ್ನ 20 ಡಿಗ್ರಿಯಿಂದ 90ಕ್ಕ ಮಡಚಿದಾಗ ರಕ್ತ ಕಡಿಮಿ ಆತು. ನೋವಿಲ್ಲದವರೊಳಗ ಹಂಗ ಸ್ಪಷ್ಟ ಬದಲಾವಣಿ ಕಾಣಲಿಲ್ಲ. ಅಂದ್ರ ಮಡಚೂದು ಎಲ್ಲಾರಿಗೂ ತ್ರಾಸ ಕೊಡೂದಿಲ್ಲ, ಮೊದಲ ಬ್ಯಾನಿ ಇದ್ದವರಿಗೆ ಕೊಡ್ತದ. ಬಸ್ಸಿನಾಗ ಎಲ್ಲಾರ ಮೊಣಕಾಲು ಯಾಕ ನೋಯೂದಿಲ್ಲ ಅಂತ ಇದರಾಗ ಸಿಕ್ಕಿತು.

ಮಗ್ಗದಾಗ ಯಾಕಿಲ್ಲ? ಇದು ಚಲೋ ಪ್ರಶ್ನಿ, ಡಾಕ್ಟರ್ ಕೇಳಬೇಕಾದ ಪ್ರಶ್ನಿ ನೀವ ಕೇಳೀರಿ. ಕುಣಿಯೊಳಗ ನಿಮ್ಮ ಕಾಲು ಇಳಿಬಿದ್ದಿರ್ತದ, ಹಲಗಿ ತುಳಿಯೋಮುಂದ ಮೊಣಕಾಲು ಪ್ರತಿ ಸಲ ಸ್ವಲ್ಪ ಚಾಚ್ತದ, ಸ್ವಲ್ಪ ಮಡಚ್ತದ. ಮೀನಖಂಡ ಹಿಂಡ್ತದ, ಬಿಡ್ತದ. ಅದು ರಕ್ತವನ್ನ ಮ್ಯಾಲ ತಳ್ಳೋ ಪಂಪ್. ಸುಮ್ನ ನಿಂತ ಮನುಷ್ಯನ ಪಾದದ ಹತ್ರದ ರಕ್ತನಾಳದೊಳಗ ಒತ್ತಡ ಸುಮಾರು 90 ಇರ್ತದ, ನಡಿಯಾಕ ಹತ್ತಿದ್ರ 30ರ ಆಸುಪಾಸು ಇಳೀತದ. ಬರೇ ನಡದದ್ದಕ್ಕ! ಲಾಳಿ ಆ ಕಡೆ ಈ ಕಡೆ ಓಡಿದಷ್ಟು ಸಲ ನೀವು ಬಸಿಗಾಲುವಿ ಬಾಯಿ ತಗದು ಮುಚ್ಚಿ ಮಾಡ್ತೀರಿ. ಬಸ್ಸಿನಾಗ ಮೊಣಕಾಲು 90 ಡಿಗ್ರಿಗಿಂತ ಜಾಸ್ತಿ ಮಡಚಿ, ಮುಂದ ಸೀಟಿನ ಕಬ್ಬಿಣ, ಕೆಳಗ ಸೀರಿ ಗಂಟು, ಒಂದು ತಾಸು ಅಲುಗಾಟ ಇಲ್ಲ. ಸಿನೆಮಾ ಥೇಟರ್‌ನಾಗ ಇಂಟರ್ವಲ್ ಬರೂದ್ರೊಳಗ ಕಾಲು ಚಾಚಬೇಕು ಅನಸ್ತದಲ್ಲ, ಅದ ಇದು.

ಈ ವಾರ ಹಿಂಗ ಮಾಡ್ರಿ: ನಡುವಿನ ದಾರಿ ಕಡೆ ಸೀಟು ಹಿಡೀರಿ, ಬಲಗಾಲು ಹೊರಗ ಬರೂ ಹಂಗ. ಗಂಟು ಮ್ಯಾಲ ಏರಿಸ್ರಿ. ಹತ್ತು ನಿಮಿಷಕ್ಕೊಮ್ಮೆ ಕಾಲು ಚಾಚಿ ಪಾದ ಮ್ಯಾಲ ಕೆಳಗ ಇಪ್ಪತ್ತು ಸಲ. ಆಮ್ಯಾಲ ಇಲ್ಲೇ ಬಂದು ಹೇಳ್ರಿ.

---

ಎಲುಬಿನ ವಾರ್ಡು

ನಾನು ಮೂಳೆ ವಿಭಾಗದಲ್ಲಿ ಪಿಜಿ ಓದುತ್ತಿದ್ದೇನೆ, ಊರು ಹಾವೇರಿ ಕಡೆ, ಸದ್ಯ ಹುಬ್ಬಳ್ಳಿ. ಅಕ್ಕನ ಬಸಿಗಾಲುವೆ ಹೋಲಿಕೆ ನನಗೆ ಹಿಡಿಸಿತು, ಮುಂದಿನ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಬಳಸುತ್ತೇನೆ. ಆದರೆ ಒಂದೆರಡು ತಕರಾರು.

ಚಿಪ್ಪಿನ ನೋವು ಬಂದವರಿಗೆಲ್ಲ ಎಲುಬಿನೊಳಗಿನ ಒತ್ತಡವೇ ಕಾರಣ ಎಂದು ಓದುಗರು ಎದ್ದುಹೋಗಬಾರದು. ಮಡಚಿದಾಗ ಚಿಪ್ಪಿನ ಹಿಂದೆ ಬೀಳುವ ಭಾರ ತಾನೇ ದೊಡ್ಡ ಸಂಗತಿ. 1972ರಲ್ಲಿ ರೈಲಿ ಮತ್ತು ಮಾರ್ಟೆನ್ಸ್ ಎಂಬ ಸಂಶೋಧಕರು ಲೆಕ್ಕ ಹಾಕಿದ್ದು ಹೀಗೆ: ಸಮತಟ್ಟಿನಲ್ಲಿ ನಡೆಯುವಾಗ ದೇಹದ ತೂಕದ ಅರ್ಧ, ಮೆಟ್ಟಿಲು ಹತ್ತುವಾಗ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಪೂರ್ತಿ ಮಡಚಿ ಕೂತೇಳುವಾಗ ಸುಮಾರು ಏಳೂವರೆ ಪಟ್ಟು. 60 ಕಿಲೋ ಮನುಷ್ಯನ ಚಿಪ್ಪಿನ ಹಿಂದೆ ನಾಲ್ಕೂವರೆ ಕ್ವಿಂಟಲ್. ತೊಡೆಯ ಸ್ನಾಯು ಸೋತಿದ್ದರೆ, ಸೊಂಟದ ಪಕ್ಕದ ಸ್ನಾಯು ಸೋತು ಮೊಣಕಾಲು ಒಳಕ್ಕೆ ವಾಲುತ್ತಿದ್ದರೆ, ಆ ಭಾರ ಒಂದೇ ಅಂಚಿಗೆ ಬೀಳುತ್ತದೆ. ಭಾರ, ರಕ್ತ, ನರ ಮೂರೂ ಹೆಣೆದುಕೊಂಡಿರುತ್ತವೆ, ನಿಮ್ಮ ಹಾಸು ಹೊಕ್ಕಿನ ಹಾಗೆ. ಒಂದೇ ಎಳೆ ಹಿಡಿದೆಳೆದು ಇದೇ ಕಾರಣ ಅಂದರೆ ಬಟ್ಟೆ ಹರಿಯುತ್ತದೆ.

ಇನ್ನೊಂದು: ಎಲುಬಿನೊಳಗಿನ ಒತ್ತಡವನ್ನು ನಾವು ಹೊರರೋಗಿಗಳಿಗೆ ಅಳೆಯುವುದಿಲ್ಲ. ಸೂಜಿ ಹಾಕಬೇಕು, ಅದೊಂದು ಸಣ್ಣ ಶಸ್ತ್ರಚಿಕಿತ್ಸೆಯೇ. "ನಿಮ್ಮ ಎಲುಬಿನ ಪ್ರೆಶರ್ ನೋಡುತ್ತೇವೆ" ಎಂದು ಯಾವುದಾದರೂ ಕ್ಯಾಂಪಿನಲ್ಲಿ ಯಂತ್ರ ಇಟ್ಟುಕೊಂಡು ಕೂತಿದ್ದರೆ ಚಪ್ಪಲಿ ಹಾಕಿಕೊಂಡು ಹೊರಡಿ.

ಈ ವಿಷಯ ನಿಜಕ್ಕೂ ಜೀವನ್ಮರಣದ್ದಾಗುವುದು ಸೊಂಟದ ಕೀಲಿನಲ್ಲಿ. ಎಲುಬಿನ ಮಟ್ಟಿಗೆ ಜೀವನ್ಮರಣ ಅಂತ. ತೊಡೆಯೆಲುಬಿನ ತಲೆಗೆ ರಕ್ತ ಒಯ್ಯುವ ಮುಖ್ಯ ನಾಳಗಳು ಕೀಲನ್ನು ಸುತ್ತಿದ ಚೀಲದೊಳಗೇ, ಆ ಎಲುಬಿನ ತಲೆಯ ಕೆಳಗಿನ ಕುತ್ತಿಗೆಗೆ ಅಂಟಿಕೊಂಡು ಹತ್ತುತ್ತವೆ. ಆ ಚೀಲದಲ್ಲಿ ನೀರೋ ರಕ್ತವೋ ಕೀವೋ ತುಂಬಿದರೆ ನಾಳಗಳು ಅದರೊಳಗೇ ಅಮುಕಿ ಹೋಗುತ್ತವೆ. ಆಗ ಕಾಲು ಹೇಗಿಟ್ಟಿದ್ದೀರಿ ಎನ್ನುವುದು ಲೆಕ್ಕಕ್ಕೆ ಬರುತ್ತದೆ. 1964ರಲ್ಲಿ ಐರಿಂಗ್ ಮತ್ತು ಮರ್ರೆ ಎಂಬ ಸಂಶೋಧಕರು ಬೇರೆ ಬೇರೆ ಕೀಲುಗಳಲ್ಲಿ ದ್ರವ ತುಂಬಿ, ಯಾವ ಭಂಗಿಯಲ್ಲಿ ಒತ್ತಡ ಎಷ್ಟು ಎಂದು ನೋಡಿದರು. ಸೊಂಟವನ್ನು ಸ್ವಲ್ಪ ಮಡಚಿ, ಸ್ವಲ್ಪ ಅಗಲಿಸಿ, ಪಾದ ಹೊರಕ್ಕೆ ತಿರುಗಿಸಿಟ್ಟರೆ ಚೀಲ ಸಡಿಲ, ಒತ್ತಡ ಕಡಿಮೆ. ಕಾಲು ನೆಟ್ಟಗೆ ಚಾಚಿ ಒಳಕ್ಕೆ ತಿರುಗಿಸಿದರೆ ಚೀಲ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿ ಬಿಗಿಯುತ್ತದೆ, ಒತ್ತಡ ಜಿಗಿಯುತ್ತದೆ.

ಇದನ್ನು ನಾನು ಪುಸ್ತಕಕ್ಕಿಂತ ಮೊದಲು ಕಲಿತದ್ದು ಐದು ವರ್ಷದ ಒಬ್ಬ ಹುಡುಗನಿಂದ. ಜ್ವರ, ಸೊಂಟದಲ್ಲಿ ಕೀವು. ಅವ್ವನ ತೊಡೆಯ ಮೇಲೆ ಮಲಗಿದ್ದ, ಬಲಗಾಲು ಅರ್ಧ ಮಡಚಿ ಹೊರಕ್ಕೆ ವಾಲಿಸಿಟ್ಟಿದ್ದ. ಪರೀಕ್ಷೆಗೆಂದು ನಾನು ಆ ಕಾಲನ್ನು ಬೆರಳಷ್ಟು ಚಾಚಿದೆನೋ ಇಲ್ಲವೋ, ವಾರ್ಡಿನ ಆ ತುದಿಯವರೆಗೆ ಕೇಳುವಂತೆ ಚೀರಿದ. ನಮ್ಮ ಸರ್ ಬಂದು ಕೈ ಹಿಡಿದು, "ಅಂವಗ ಎಲ್ಲಿ ಇಟ್ರ ಹಗುರ ಅನಸ್ತದೋ ಅಲ್ಲೇ ಇಟ್ಟಾನ. ಕಾಲು ನೋಡು, ಡಯಾಗ್ನೋಸಿಸ್ ಅದರಾಗ ಅದ" ಎಂದರು. ಅದೇ ರಾತ್ರಿ ಕೀವು ತೆಗೆದೆವು. ಮರುದಿನ ಕಾಲು ಚಾಚಿ ಮಲಗಿದ್ದ.

---

ಬ್ಯಾಡಗಿ ಕಡ್ಡಿ

ನನ್ನ ಮಾತು ಸ್ವಲ್ಪ ಬ್ಯಾರೆ ಐತಿ, ಆದ್ರ ಹೇಳಲೇಬೇಕು. ನಮ್ಮವ್ವ ಮೆಣಸಿನಕಾಯಿ ತುಂಬು (ತೊಟ್ಟು) ಬಿಡಿಸೋಕ ಹೋಗ್ತಾಳ. ಕುಕ್ಕರಗಾಲಲ್ಲೆ ಕುಂತ್ರ ಎರಡೆರಡು ತಾಸು, ಎದ್ದಾಗ ಗ್ವಾಡಿ ಹಿಡದು ಏಳತಾಳ. ಅದಕ್ಕ ಈ ಥ್ರೆಡ್ ಪೂರಾ ಓದಿದೆ.

ಓದೂವಾಗ ನಮ್ಮಣ್ಣ ನೆನಪಾದ. ಕೊರೊನಾ ಆದಾಗ ಅಂವಗ ಸ್ಟೆರಾಯ್ಡ್ ಕೊಟ್ಟಿದ್ರು, ಜೀವ ಉಳೀತು, ಅದಕ್ಕ ದೂರಿಲ್ಲ. ಎಂಟು ತಿಂಗಳ ಮ್ಯಾಲ ಎಡ ಮೊಣಕಾಲು ನೋವು ಸುರುವಾತು. ಎಲ್ಲಾರೂ ಮೊಣಕಾಲಿಗೇ ಎಣ್ಣಿ, ಮೊಣಕಾಲಿಗೇ ಎಕ್ಸ್‌ರೇ, ಮೊಣಕಾಲಿಗೇ ಇಂಜೆಕ್ಷನ್. ಏನೂ ಸಿಗಲಿಲ್ಲ. ಕಡೀಕ ಒಬ್ಬ ಡಾಕ್ಟರ್ ಮಲಗಿಸಿ ಸೊಂಟದ ಕೀಲು ತಿರುವಿ ನೋಡಿದ್ರು. ಅಣ್ಣ ಹಲ್ಲು ಕಚ್ಚಿದ. ಸೊಂಟದ ಎಕ್ಸ್‌ರೇನೂ ಚಲೋ ಇತ್ತು, ಎಮ್‌ಆರ್‌ಐ ಮಾಡಿದ ಮ್ಯಾಲ ತೊಡಿ ಎಲುಬಿನ ತಲಿಗೆ ರಕ್ತ ಹೋಗೂದು ಕಡಿಮಿ ಆಗೈತಿ ಅಂತ ಗೊತ್ತಾತು. ತೂತು ಕೊರದು ಒತ್ತಡ ಇಳಸ್ತೀವಿ ಅಂದ್ರು, ಕೊರದ್ರು. ನಮಗ ಆಗ ಅರ್ಥ ಆಗಿರಲಿಲ್ಲ. ಎಲುಬಿಗೆ ತೂತು ಕೊರದ್ರ ನೋವು ಕಡಿಮಿ ಹೆಂಗ ಆಗ್ತೈತಿ ಅಂತ ನಮ್ಮವ್ವ ಅತ್ತಿದ್ಲು. ಈಗ ಈ ಬಸಿಗಾಲುವಿ ಓದಿದ ಮ್ಯಾಲ ಅರ್ಥ ಆತು.

ಮಗ್ಗದಣ್ಣ, ನಿಮ್ಮ ಸೊಂಟನೂ ಒಂದು ಸಲ ತೋರಿಸ್ರಿ.

---

ಎಲುಬಿನ ವಾರ್ಡು

ಇದು ಈ ಥ್ರೆಡ್‌ನ ಅತಿ ಮುಖ್ಯ ಕಾಮೆಂಟ್. ಸೊಂಟದ ಕೀಲಿನ ನೋವು ಮೊಣಕಾಲಿನಲ್ಲಿ ಕಾಣಿಸಿಕೊಳ್ಳುವುದು ನಾವು ದಿನಾ ನೋಡುವ ಮೋಸ, ಎರಡಕ್ಕೂ ಒಂದೇ ನರದ ಕೊಂಬೆಗಳು ಹೋಗುತ್ತವೆ. ಎಕ್ಸ್‌ರೇಯಲ್ಲಿ ಮೊದಲ ಹಂತ ಕಾಣುವುದಿಲ್ಲ ಎನ್ನುವುದೂ ಸರಿ.

ಆ ತೂತಿನ ಕತೆ ಕೇಳಿ. ಫ್ರಾನ್ಸಿನ ತುಲೂಸ್‌ನಲ್ಲಿ ಫಿಕಾ ಮತ್ತು ಆರ್ಲೆ ಎಂಬ ವೈದ್ಯರು ತೊಡೆಯೆಲುಬಿನ ತಲೆಗೆ ಕೊರೆಯುತ್ತಿದ್ದದ್ದು ರೋಗ ಪತ್ತೆಗೆ: ಒಳಗಿನ ಒತ್ತಡ ಅಳೆಯಲು, ಒಂದು ಚೂರು ಎಲುಬು ತೆಗೆದು ನೋಡಲು. ಚೂರು ತೆಗೆಸಿಕೊಂಡವರು ನೋವು ಕಡಿಮೆಯಾಯಿತು ಎನ್ನತೊಡಗಿದರು. ಪರೀಕ್ಷೆಯೇ ಚಿಕಿತ್ಸೆಯಾಯಿತು. ತಲೆ ಕುಸಿಯುವ ಮೊದಲು ಮಾಡಿದರೆ ಉಪಯೋಗ, ಕುಸಿದ ಮೇಲೆ ಕಡಿಮೆ. ನಿಮ್ಮಣ್ಣನದು ಬೇಗ ಸಿಕ್ಕಿದ್ದು ಒಳ್ಳೆಯದಾಯಿತು.

ಮಗ್ಗದಣ್ಣ, ತೊಡೆಸಂದಿಯಲ್ಲಿ ನೋವು, ರಾತ್ರಿ ಮಲಗಿದಾಗಲೂ ನೋವು, ಚಕ್ಕಳಮಕ್ಕಳ ಹಾಕಲು ಆಗದಿರುವುದು, ಹಿಂದೆ ಸ್ಟೆರಾಯ್ಡ್ ತಗೊಂಡಿದ್ದು, ಇಲ್ಲಾ ಒಂದೇ ಮೀನಖಂಡ ಬಾತು ಬಿಸಿಯಾಗುವುದು, ಇದರಲ್ಲಿ ಯಾವುದಿದ್ದರೂ ಇಲ್ಲಿ ಬರೆಯುತ್ತ ಕೂರಬೇಡಿ.

---

ಕುಣಿಮಗ್ಗ, ಬೆಟಗೇರಿ

ಹೆದರಿಸಿಬಿಟ್ರಿ. ಸ್ಟೆರಾಯ್ಡ್ ತಗೊಂಡಿಲ್ಲ, ರಾತ್ರಿ ಹೆಣದಂಗ ಮಲಗ್ತೀನಿ, ಚಕ್ಕಳಮಕ್ಕಳ ಹಾಕೇ ಉಣ್ಣೂದು. ಆದ್ರೂ ಮತ್ತೊಂದು ಕಡೆ ಹೋಗಿ ಸೊಂಟ ತಿರುವಿಸಿಕೊಂಡು ಬಂದೆ. ಸೊಂಟ ಚಲೋ ಐತಿ, ತೊಡಿ ಸ್ನಾಯು ಬಲಗಡೆ ಸೊರಗೈತಿ ಅಂದ್ರು. ಟೇಪು ಹಿಡದು ಅಳದ್ರು, ಎಡತೊಡಿಗಿಂತ ಎರಡು ಸೆಂಟಿಮೀಟರ್ ಕಮ್ಮಿ. ಮಗ್ಗದಾಗ ಎಡಗಾಲಿನ ಹಲಗಿ ಬಿಗಿ ಐತಿ, ಬಲದ್ದು ಸಡಲ. ನಮ್ಮಪ್ಪನ ಕಾಲದಿಂದ ಹಂಗ ಐತಿ. ಅದರಿಂದ ಇರಬಹುದೇನ್ರೀ?

ಅಕ್ಕಾ, ನೀವು ಹೇಳಿದ್ದು ಮಾಡಿದೆ. ಮೊದಲ ವಾರ ನಡುವಿನ ಸೀಟು ಸಿಕ್ಕಿತು, ಕಾಲು ಹೊರಗ ಚಾಚಿದೆ. ಕಂಡಕ್ಟರ್ ಎರಡು ಸಲ ಎಡವಿ "ಕಾಲು ನಿಮ್ಮದೋ ಸರ್ಕಾರದ್ದೋ" ಅಂದ. ಅಣ್ಣಿಗೇರಿ ದಾಟಿದ್ರೂ ನೋವಿಲ್ಲ. ಹುಬ್ಬಳ್ಳಿ ಹತ್ರ ಸ್ವಲ್ಪ ಅನಿಸ್ತು. ಎರಡನೇ ವಾರ ಸೀಟು ಸಿಗಲಿಲ್ಲ, ಕಿಟಕಿ ಕಡೆ ಸಿಕ್ಕಿ ಹಾಕೊಂಡೆ, ನೋವು ಹಳೇ ಠಿಕಾಣಿಗೇ ಬಂತು. ಮೂರನೇ ವಾರ ರೈಲಿಗೆ ಹೋದೆ. ಪ್ಯಾಸೆಂಜರ್ ರೈಲು, ಬಾಗಿಲದ ಹತ್ರ ನಿಂತು, ಕುಂತು, ಮತ್ತ ನಿಂತು. ಏನೂ ಇಲ್ಲ! ಹೊತ್ತು ಸ್ವಲ್ಪ ಹೆಚ್ಚು ಹಿಡೀತು.

ಒಂದು ಪ್ರಶ್ನಿ: ರಾತ್ರಿ ಮೊಣಕಾಲ ಕೆಳಗ ತಲಿದಿಂಬು ಇಟ್ಟು ಮಲಗಿದ್ರ ಭಾಳ ಹಗುರ ಅನಸ್ತೈತಿ. ಇಡಲೇನು?

---

ಫಿಜಿಯೊ ಅಕ್ಕ, ಧಾರವಾಡ

ಹಗುರ ಅನಸೂದು ಸಹಜ. ಮೊಣಕಾಲು 30 ಡಿಗ್ರಿ ಆಸುಪಾಸು ಮಡಚಿದಾಗ ಕೀಲಿನ ಚೀಲ ಎಲ್ಲಕ್ಕಿಂತ ಸಡಲ ಇರ್ತದ. ನೀರು ತುಂಬಿದ ಮೊಣಕಾಲಿನವರು ಯಾರೂ ಹೇಳದ ಹಂಗ ಮಲಗ್ತಾರ. ಆ ಹುಡುಗನ ಸೊಂಟದಂಗ, ಕೀಲಿಗೆ ತನ್ನ ಜಾಗ ಗೊತ್ತಿರ್ತದ. ಆದ್ರ ಒಂದು ವಾರ, ಎರಡು ವಾರ ಅಂತ ದಿಂಬು ಅಲ್ಲೇ ಇದ್ರ ಹಿಂದಿನ ಸ್ನಾಯು ಮೋಟಾಗಿ ಕಾಲು ಪೂರಾ ಚಾಚೂದ ಬಂದ್ ಆಗ್ತದ. ಮೊಣಕಾಲು ಆಪರೇಶನ್ ಆದವರ ಮನಿಯೊಳಗ ಮಕ್ಕಳು ಪ್ರೀತಿಯಿಂದ ದಿಂಬು ಇಡ್ತಾರ, ನಾ ಹೋದ ತಕ್ಷಣ ಮೊದಲು ಅದನ್ನ ಎಳೀತೀನಿ, ಬೈಸಿಕೊಳ್ತೀನಿ. ನಿಮಗ ನೀರು ತುಂಬಿಲ್ಲ. ದಿಂಬು ಬ್ಯಾಡ.

ತೊಡಿ ಸೊರಗಿದ್ದು ಹಲಗಿಯಿಂದನೇ ಅಂತ ಇಲ್ಲಿಂದ ಹೇಳಾಕ ಬರೂದಿಲ್ಲ. ನೋಯೋ ಕಾಲಿನ ತೊಡಿ ತಾನೂ ಸೊರಗ್ತದ. ಹಲಗಿ ಹಗ್ಗ ಬಿಗಿ ಮಾಡ್ಸಿ ಎರಡೂ ಸಮ ಮಾಡ್ರಿ, ನಷ್ಟ ಏನಿಲ್ಲ. ಜೊತಿಗೆ ಕಾಲು ಚಾಚಿ ಮಲಗಿ, ಮೊಣಕಾಲ ಹಿಂಬದಿಯಿಂದ ನೆಲ ಒತ್ತಿ ಹತ್ತು ಎಣಿಸ್ರಿ, ಬಿಡ್ರಿ. ಮುಂಜಾನೆ ಇಪ್ಪತ್ತು, ಸಂಜಿ ಇಪ್ಪತ್ತು. ಆರು ವಾರ ಆಗೂ ತನಕ ನನಗ ಬೈಯಬ್ಯಾಡ್ರಿ.

ಬ್ಯಾಡಗಿ ತಂಗಿ, ಅವ್ವನ ಕೆಳಗ ಒಂದು ಗೇಣು ಎತ್ತರದ ಮಣಿ (ಕುಂಡ್ರೋ ಕಟಗಿ ಹಲಗಿ) ಇಡ್ರಿ. ಕುಕ್ಕರಗಾಲಲ್ಲೆ ಕುಂತಾಗ ಮೊಣಕಾಲು ಪೂರಾ ಮಡಚಿ ಹಿಂದಿನ ರಕ್ತನಾಳನೂ ಅಮುಕತದ. ಮಣಿ ಇದ್ರ ಭಾರ ಕುಂಡಿ ಮ್ಯಾಲ ಬೀಳ್ತದ, ಮೊಣಕಾಲು ಬಿಚ್ಚತದ. ಅರ್ಧ ತಾಸಿಗೊಮ್ಮೆ ಎದ್ದು ಬುಟ್ಟಿ ತಾನ ತರಲಿ, ಬ್ಯಾರೆಯವರ ಕಡೆ ತರಸಬ್ಯಾಡ.

---

ಬ್ಯಾಡಗಿ ಕಡ್ಡಿ

ಮಣಿ ಇಟ್ಟೆ. "ನಾ ಏನ್ ಮದುಮಗಳೇನ" ಅಂತ ತಳ್ಳಿದ್ಲು. ಮರುದಿನ ನೋಡಿದ್ರ ಬಾಜೂಕ ಕುಂತ ಮೂರು ಮಂದಿನೂ ಮಣಿ ತಂದಾರ.

---

ಕುಣಿಮಗ್ಗ, ಬೆಟಗೇರಿ

ಹಗ್ಗ ಬಿಗಿ ಮಾಡಿದೆ. ಎರಡು ದಿನ ಲಾಳಿ ದಾರಿ ತಪ್ಪಿ ಹನ್ನೆರಡು ಎಳಿ ಹರದು, ಗಂಟು ಹಾಕೂದ್ರಾಗ ಅರ್ಧ ದಿನ ಹೋತು. ಈಗ ಕಾಲು ಹೊಂದಿಕೊಂಡೈತಿ.

ಇದನ್ನೆಲ್ಲಾ ರಾತ್ರಿ ಮನ್ಯಾಕಿ ಮುಂದ ಓದಿ ಹೇಳಿದೆ, ಬಸಿಗಾಲುವಿ, ಚಿಪ್ಪು, ಮಣಿ, ಎಲ್ಲಾ. ಆಕಿ ಕಂಡಿಕಿ ಸುತ್ತಾಕತ್ತಿದ್ಲು. ರಾಟಿ ನಿಲ್ಲಿಸದನ ಕೇಳಿದ್ಲು: "ನಿಮ್ಮ ಒಂದು ತಾಸಿನ ಬಸ್ಸಿಗೆ ಊರು ತುಂಬ ಕೇಳಿದ್ರಿ. ನಾ ಇಪ್ಪತ್ತು ವರ್ಷ ನೆಲದ ಮ್ಯಾಲ ಒಂದ ಮೊಣಕಾಲು ಮಡಚಿ ಕುಂತೀನಿ, ನನ್ನ ಮೊಣಕಾಲು ಯಾವಾಗ ಕೇಳ್ತೀರಿ?"

ಅಕ್ಕಾ, ರಾಟಿ ಎಷ್ಟು ಎತ್ತರದ ಮ್ಯಾಲ ಇಟ್ರ ಚಲೋ? ನಾಳೆ ಬಡಿಗ್ಯಾ ಬರ್ತಾನ.